ಮುನ್ನೂರು ಮಂದಿ ಸಾಕು

ಸೆಮಿಸ್ಟರ್ ಪರೀಕ್ಷೆ ಮುಗಿದ ಸಂಜೆ ನಮ್ಮ ಹಾಸ್ಟೆಲ್‌ನಲ್ಲಿ ದೊಡ್ಡ ವಾದವೇ ನಡೆಯಿತು. ಕುಮಾರ ಪರ್ವತಕ್ಕೆ ಹೋಗಲು ಆರು ಜನ ತಯಾರಾಗಿದ್ದೆವು. ಅರಣ್ಯ ಇಲಾಖೆಯ ಜಾಲತಾಣ ತೆರೆದು ನೋಡಿದರೆ ಆ ಶನಿವಾರ, ಭಾನುವಾರದ ಟಿಕೆಟ್ ಎಲ್ಲ ಖಾಲಿ. 'ಗುಡ್ಡ ಏನು ಸಿನಿಮಾ ಥಿಯೇಟರೇನಲೇ, ಹೌಸ್‌ಫುಲ್ ಆಗಾಕ?' ಎಂದು ಗೆಳೆಯ ಸಿಟ್ಟಾದ. ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಯೋಚಿಸಿದಷ್ಟೂ ಮಿತಿ ಹಾಕಿದ್ದೇ ಸರಿ ಅನ್ನಿಸುತ್ತಿದೆ.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಇದೇ ಕುಮಾರ ಪರ್ವತದಲ್ಲಿ ಸಾವಿರಾರು ಜನ ಸೇರಿದ್ದರು. ಕಾಡಿನ ದಾರಿಯಲ್ಲಿ ಜಾತ್ರೆಯಂತೆ ಸಾಲು ನಿಂತ ವಿಡಿಯೊ ನಾವೆಲ್ಲ ನೋಡಿದ್ದೇವೆ. ಅದಾದ ಮೇಲೆಯೇ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಕ್ಕೆ ತಡೆ ಹಾಕಿದ್ದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬುಕಿಂಗ್ ಜಾಲತಾಣ ಬಂತು, ಒಂದು ಚಾರಣ ಪಥಕ್ಕೆ ದಿನಕ್ಕೆ ಗರಿಷ್ಠ 300 ಮಂದಿ ಎಂದಾಯಿತು.

ನಾನು ಸಿವಿಲ್ ವಿದ್ಯಾರ್ಥಿ. ಲ್ಯಾಬ್‌ನಲ್ಲಿ ಪ್ರಾಕ್ಟರ್ ಪರೀಕ್ಷೆ ಮಾಡುತ್ತೇವೆ: ಅಚ್ಚಿನಲ್ಲಿ ಮಣ್ಣು ಹಾಕಿ 2.6 ಕೆ.ಜಿ. ತೂಕದ ಸುತ್ತಿಗೆಯಿಂದ ಪ್ರತಿ ಪದರಕ್ಕೆ 25 ಪೆಟ್ಟು. ಮೂರು ಪದರ ಮುಗಿಯುವ ಹೊತ್ತಿಗೆ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ರಸ್ತೆಗೆ ಅದು ಬೇಕು, ಗುಡ್ಡದ ಹುಲ್ಲುಗಾವಲಿಗೆ ಬೇಡ. ಸಾವಿರ ಜೋಡಿ ಬೂಟು ತುಳಿದ ದಾರಿಯಲ್ಲಿ ಹುಲ್ಲು ಸಾಯುತ್ತದೆ, ಮಳೆ ನೀರು ಒಳಗೆ ಇಂಗದೆ ಅದೇ ದಾರಿ ಹಿಡಿದು ಹರಿಯುತ್ತದೆ. ಎರಡು ಮಳೆಗಾಲಕ್ಕೆ ಕಾಲುದಾರಿ ಕೊರಕಲಾಗುತ್ತದೆ, ಆಮೇಲೆ ಜನ ಪಕ್ಕದ ಹುಲ್ಲು ತುಳಿಯುತ್ತಾರೆ. ನಮ್ಮ ಹಿಡಕಲ್ ಡ್ಯಾಮಿಗೆ ಬರುವ ಘಟಪ್ರಭೆಯೂ ಪಶ್ಚಿಮ ಘಟ್ಟದ ನೀರೇ. ಹಾಗಾಗಿ ಇದು ಬರೀ ಸುಬ್ರಹ್ಮಣ್ಯದ ಕಡೆಯವರ ಚಿಂತೆಯಲ್ಲ.

ಹಾಗಂತ ಗೆಳೆಯನ ಸಿಟ್ಟಿನಲ್ಲಿ ಹುರುಳಿಲ್ಲ ಎನ್ನಲಾರೆ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಡುವ ಪ್ಯಾಕೇಜಿನ ರೊಕ್ಕ ನಮ್ಮಂಥವರ ತಿಂಗಳ ಮೆಸ್ ಬಿಲ್. ಕ್ಯಾಸಲ್‌ರಾಕ್‌ನಿಂದ ದೂಧಸಾಗರಕ್ಕೆ ರೈಲು ಹಳಿಯ ಮೇಲೆ ನಡೆಯಬಾರದೆಂದು ರೈಲ್ವೆಯವರು ಎಷ್ಟು ಹೇಳಿದರೂ ಹುಡುಗರು ಹೋಗುವುದು ಅದಕ್ಕೆ ಟಿಕೆಟ್ ಬೇಡವೆಂದೇ. ಮಿತಿ ಹಾಕಿದ ಮೇಲೆ ಬೇರೆ ದಾರಿಗಳನ್ನೂ ತೋರಿಸಬೇಕು. ಬೇರೆ ಗುಡ್ಡಗಳನ್ನು ಪಟ್ಟಿಗೆ ಸೇರಿಸಿ, ಆಯಾ ಊರಿನ ಹುಡುಗರಿಗೆ ತರಬೇತಿ ಕೊಟ್ಟು ಮಾರ್ಗದರ್ಶಿ ಮಾಡಲಿ. ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತ ನಾಲ್ಕು ಜನ ನಮ್ಮ ಓಣಿಯಲ್ಲೇ ಇದ್ದಾರೆ.

ಊರಿಗೆ ಬಂದಾಗ ಅಜ್ಜನಿಗೆ ಇದೆಲ್ಲ ಹೇಳಿದೆ. ಅವರು ಯುಗಾದಿ ಮುಂದೆ ಕಂಬಿಯ ಹಿಂದೆ ಶ್ರೀಶೈಲಕ್ಕೆ ನೂರಾರು ಕಿಲೋಮೀಟರ್ ನಡೆದವರು. ಊರೂರಲ್ಲಿ ಜನ ಕರೆದು ಊಟಕ್ಕೆ ಹಾಕುತ್ತಿದ್ದರಂತೆ. 'ಗುಡ್ಡಾ ಹತ್ತಾಕೂ ರೊಕ್ಕಾ ಕೊಡ್ತೀರೇನಪಾ? ವಲ್ಲಭಗಡಾ ಹತ್ತೀ ಏನ?' ಎಂದು ಕೇಳಿದರು.

ಹತ್ತಿಲ್ಲ. ಸಂಕೇಶ್ವರದ ಹತ್ತಿರದ ಆ ಕೋಟೆ ನಮ್ಮ ಹುಕ್ಕೇರಿ ತಾಲ್ಲೂಕಿನದ್ದೇ. ಬಸ್ಸಿನಲ್ಲಿ ಆ ಕಡೆ ಎಷ್ಟು ಸಲ ಹೋಗಿದ್ದೇನೋ, ಒಮ್ಮೆಯೂ ಇಳಿದಿಲ್ಲ. ಮರಡಿ ಎಂದರೆ ಗುಡ್ಡ. ಊರ ಹೆಸರಲ್ಲೇ ಅದನ್ನು ಇಟ್ಟುಕೊಂಡವನ ಕತೆ ಇದು.

ಬರುವ ಭಾನುವಾರ ಆರೂ ಜನ ಅಲ್ಲಿಗೆ ಹೊರಟಿದ್ದೇವೆ. 'ಮುಂಜಾನೆ ಲಗೂನ ಹೋಗ್ರಿ, ಬಿಸಲಾಗತೈತಿ' ಎಂದಿದ್ದಾರೆ ಅಜ್ಜ. ರೊಟ್ಟಿ, ಶೇಂಗಾ ಚಟ್ನಿ ಅವ್ವ ಕಟ್ಟಿಕೊಡುತ್ತಾಳೆ.