ನೋವು ನುಂಗಿ ಆಡುವುದೊಂದೇ ಶೌರ್ಯವೇ?

ಟೆನಿಸ್ ನಮ್ಮ ಶಾಲೆಯ ಮೈದಾನದ ಆಟವಲ್ಲ. ಇಲ್ಲಿ ಕಬಡ್ಡಿ, ಖೋ-ಖೋ, ವಾಲಿಬಾಲ್‌ಗಳದ್ದೇ ಆಳ್ವಿಕೆ. ಆದರೂ ಈ ಲೇಖನಕ್ಕೆ ಟೆನಿಸ್ ಆಡುವ ಮಹಿಳೆಯರನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಸಿಂಗಲ್ಸ್ ಪಂದ್ಯದಲ್ಲಿ ಆಟಗಾರ್ತಿ ಒಂಟಿ. ಕಾಲು ಉಳುಕಿದರೆ ಅವಳ ಬದಲಿಗೆ ಇನ್ನೊಬ್ಬಳನ್ನು ಇಳಿಸುವಂತಿಲ್ಲ. ನೋವಿನಲ್ಲೇ ಆಡಬೇಕು, ಇಲ್ಲವೇ ಪಂದ್ಯವನ್ನು ಬಿಟ್ಟುಕೊಡಬೇಕು. ಇವೆರಡರಲ್ಲಿ ಯಾವುದಕ್ಕೆ ನಾವು ಚಪ್ಪಾಳೆ ತಟ್ಟುತ್ತೇವೆ, ಯಾವುದಕ್ಕೆ ಮೂಗು ಮುರಿಯುತ್ತೇವೆ ಎಂಬುದು ಯೋಚಿಸಬೇಕಾದ ವಿಷಯ.

ಮೊದಲು ಚಪ್ಪಾಳೆಯ ಕಡೆಯನ್ನೇ ನೋಡೋಣ. 2007ರ ವಿಂಬಲ್ಡನ್ ನಾಲ್ಕನೆಯ ಸುತ್ತಿನಲ್ಲಿ ಸೆರೀನಾ ವಿಲಿಯಮ್ಸ್ ಡೇನಿಯೆಲಾ ಹಂಟುಕೋವಾ ಎದುರು ಆಡುತ್ತಿದ್ದರು. ಎರಡನೆಯ ಸೆಟ್ಟು 5-5ರಲ್ಲಿದ್ದಾಗ ಎಡಗಾಲಿನ ಮೀನಖಂಡ ಹಿಡಿದುಕೊಂಡು ಅವರು ನೆಲಕ್ಕೆ ಕುಸಿದರು. ನಿಲ್ಲುವುದೇ ಕಷ್ಟವಾಗಿತ್ತು. ಅಷ್ಟರಲ್ಲಿ ಮಳೆ ಬಂದು ಆಟ ನಿಂತಿತು. ಆ ಬಿಡುವಿನ ಬಲದಿಂದ ಅವರು ಮೂರನೆಯ ಸೆಟ್ಟನ್ನು 6-2ರಿಂದ ಗೆದ್ದರು. 2013ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್‌ನ ಅಂತಿಮ ಪಂದ್ಯದಲ್ಲಿ ಚೀನದ ಲೀ ನಾ ಮೊದಲ ಸೆಟ್ಟು ಗೆದ್ದು ಮುಂದಿದ್ದವರು ಕಾಲು ಹೊರಳಿ ಬಿದ್ದರು. ಪಟ್ಟಿ ಕಟ್ಟಿಸಿಕೊಂಡು ಎದ್ದರು. ಮೂರನೆಯ ಸೆಟ್ಟಿನಲ್ಲಿ ಮತ್ತೆ ಬಿದ್ದಾಗ ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಕಣ್ಣೆದುರು ಬೆರಳಾಡಿಸಿ ಪರೀಕ್ಷೆ ಮಾಡಿದ ಮೇಲೆ ಮತ್ತೆ ಎದ್ದು ಆಡಿದರು. ಕೊನೆಗೆ ವಿಕ್ಟೋರಿಯಾ ಅಜರೆಂಕಾ ಅವರಿಗೆ ಸೋತರು.

ಇಂಥ ಆಟವನ್ನು ಕಂಡು ಮೈನವಿರೇಳದವರು ಯಾರು? ಆ ಕೆಚ್ಚನ್ನು ನಾನೂ ಮೆಚ್ಚುತ್ತೇನೆ. ಆದರೆ ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಸೆರೀನಾ ಮುಂದಿನ ಪಂದ್ಯದಲ್ಲೇ ಸೋತರು. ಲೀ ನಾ 2014ರಲ್ಲಿ ಅದೇ ಆಸ್ಟ್ರೇಲಿಯನ್ ಓಪನ್ ಗೆದ್ದರು ನಿಜ. ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ, ನಾಲ್ಕು ಬಾರಿ ಶಸ್ತ್ರಚಿಕಿತ್ಸೆ ಕಂಡಿದ್ದ ಮೊಣಕಾಲುಗಳು ಇನ್ನು ತಾಳಲಾರವೆಂದು ಆಟಕ್ಕೇ ವಿದಾಯ ಹೇಳಬೇಕಾಯಿತು. ಚಪ್ಪಾಳೆ ಒಂದು ಸಂಜೆಯದು, ಮೊಣಕಾಲು ಜೀವಮಾನದ್ದು.

ಇನ್ನು ಆಟ ನಿಲ್ಲಿಸಿದವರ ಕಥೆ. 1921ರಲ್ಲಿ ಫ್ರಾನ್ಸಿನ ಸುಜಾನ್ ಲೆಂಗ್ಲೆನ್ ಅಮೆರಿಕದ ಚಾಂಪಿಯನ್‌ಷಿಪ್ಪಿನಲ್ಲಿ ಕೆಮ್ಮಿನಿಂದ ಬಳಲಿ ಪಂದ್ಯ ಬಿಟ್ಟುಕೊಟ್ಟಾಗ ಪ್ರೇಕ್ಷಕರು ಮೂದಲಿಸಿದರು. 1933ರಲ್ಲಿ ಹೆಲೆನ್ ವಿಲ್ಸ್ ಮೂಡಿ ಬೆನ್ನುನೋವಿನಿಂದ ಅಂತಿಮ ಪಂದ್ಯವನ್ನು ಅರ್ಧಕ್ಕೇ ನಿಲ್ಲಿಸಿದಾಗ, ಎದುರಾಳಿಯ ಗೆಲುವಿನ ಗೌರವವನ್ನು ಕಸಿದುಕೊಂಡರೆಂಬ ಟೀಕೆ ಬಂತು. 2006ರ ಆಸ್ಟ್ರೇಲಿಯನ್ ಓಪನ್ ಅಂತಿಮ ಪಂದ್ಯದಲ್ಲಿ ಜಸ್ಟಿನ್ ಹೆನಿನ್ ಹೊಟ್ಟೆನೋವಿನಿಂದ ಹಿಂದೆ ಸರಿದರು. ಭುಜದ ನೋವಿಗೆಂದು ನುಂಗಿದ ಔಷಧಿಯೇ ಹೊಟ್ಟೆಯನ್ನು ಕೆಡಿಸಿತ್ತೆಂದು ಅವರು ಹೇಳಿದರು. ಅವರಿಗೂ ಟೀಕೆ ತಪ್ಪಲಿಲ್ಲ. ನೋವು ಮರೆಸಿ ಆಡಿದ್ದರ ಫಲವೇ ಆ ಹೊಟ್ಟೆನೋವೆಂದು ಎಷ್ಟು ಮಂದಿ ಯೋಚಿಸಿದರು?

2021ರ ವಿಂಬಲ್ಡನ್‌ನಲ್ಲಿ ಬ್ರಿಟನ್ನಿನ ಹದಿನೆಂಟರ ಹುಡುಗಿ ಎಮ್ಮಾ ರಾಡುಕಾನು ಉಸಿರಾಟದ ತೊಂದರೆಯಿಂದ ಪಂದ್ಯ ಬಿಟ್ಟುಕೊಟ್ಟಾಗ, ಒತ್ತಡ ತಾಳುವ ಶಕ್ತಿ ಈಕೆಗಿಲ್ಲವೆಂಬ ಮಾತು ಬಂತು. ಎರಡೇ ತಿಂಗಳಲ್ಲಿ ಆಕೆ ಅರ್ಹತಾ ಸುತ್ತಿನಿಂದ ಮೇಲೇರಿ, ಒಂದೂ ಸೆಟ್ಟು ಕಳೆದುಕೊಳ್ಳದೆ ಯು.ಎಸ್. ಓಪನ್ ಗೆದ್ದಳು. ಅಂದು ನಿಲ್ಲಿಸಿದ್ದು ದೌರ್ಬಲ್ಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ನೋವೆಂದು ಆಟದ ನಡುವೆ ಚಿಕಿತ್ಸೆ ಕೇಳುವವರಿಗೂ ಸಂಶಯದ ಕಣ್ಣು ತಪ್ಪದು. ನಿಜ, ಎದುರಾಳಿಯ ಲಯ ಕೆಡಿಸಲು ಚಿಕಿತ್ಸೆಯ ಬಿಡುವನ್ನು ಬಳಸುವವರು ಇರಬಹುದು. ಅದಕ್ಕೆಂದೇ ಕಾಲಮಿತಿಯ ನಿಯಮಗಳಿವೆ. ಆದರೆ ನಿಲ್ಲಿಸಿದವಳು ಹೇಡಿ, ಚಿಕಿತ್ಸೆ ಕೇಳಿದವಳು ಮೋಸಗಾತಿ ಎಂದಾದರೆ ಉಳಿಯುವ ದಾರಿ ಒಂದೇ: ನೋವನ್ನು ಮುಚ್ಚಿಡುವುದು. ಆ ದಾರಿಗೆ ಅವರನ್ನು ತಳ್ಳುವವರು ನಾವು, ನೋಡುವವರು.

ಹೆಣ್ಣುಮಕ್ಕಳು ಮುಚ್ಚಿಡುವ ಇನ್ನೊಂದು ನೋವೂ ಇದೆ. 2022ರ ಫ್ರೆಂಚ್ ಓಪನ್‌ನಲ್ಲಿ ಚೀನದ ಹತ್ತೊಂಬತ್ತರ ಝೆಂಗ್ ಚಿನ್ವೆನ್ ಆಗ ಅಗ್ರಸ್ಥಾನದಲ್ಲಿದ್ದ ಇಗಾ ಸ್ವಿಯಾಟೆಕ್ ಅವರಿಂದ ಮೊದಲ ಸೆಟ್ಟನ್ನು ಕಸಿದುಕೊಂಡರು. ಅನಂತರ 0-6, 2-6ರಿಂದ ಸೋತರು. ಮುಟ್ಟಿನ ಮೊದಲ ದಿನದ ಹೊಟ್ಟೆನೋವು ತಮ್ಮನ್ನು ಕಾಡಿತೆಂದು ಪತ್ರಕರ್ತರ ಮುಂದೆ ಸಂಕೋಚವಿಲ್ಲದೆ ಹೇಳಿದರು. ಮನೆಯಲ್ಲಿ ತಾಯಿಗೆ ಮಾತ್ರ ಹೇಳುವ ಮಾತನ್ನು ಲೋಕದೆದುರು ಹೇಳಿದ ಆ ಹುಡುಗಿಯ ಧೈರ್ಯ ಯಾವ ಗೆಲುವಿಗೂ ಕಡಿಮೆಯದಲ್ಲ.

ನೋವಿದ್ದರೂ ಏಕೆ ಆಡುತ್ತಾರೆ? ಕೀರ್ತಿಯ ಆಸೆಯೊಂದೇ ಕಾರಣವಲ್ಲ. ಟೆನಿಸ್ ಆಟಗಾರ್ತಿಗೆ ತಿಂಗಳ ಸಂಬಳವಿಲ್ಲ. ಗೆದ್ದ ಸುತ್ತಿಗೆ ತಕ್ಕಷ್ಟು ಹಣ. ತರಬೇತುದಾರರ ಖರ್ಚು, ಪ್ರಯಾಣದ ಖರ್ಚು ಅದರಿಂದಲೇ ಹೋಗಬೇಕು. ಗಳಿಸಿದ ಅಂಕಗಳು ಒಂದು ವರ್ಷಕ್ಕೆ ಕಳಚಿಹೋಗುತ್ತವೆ. ಕೆಳಗಿನ ಸ್ಥಾನದವಳಿಗೆ ದೊಡ್ಡ ಟೂರ್ನಿಯ ಮೊದಲ ಸುತ್ತಿನ ಹಣವೇ ಹಲವು ತಿಂಗಳ ಜೀವನ. ಅಂಥವಳು ಕುಂಟುತ್ತಲಾದರೂ ಅಂಕಣಕ್ಕಿಳಿದರೆ ಆಶ್ಚರ್ಯವೇನು? ಇದನ್ನು ಅರಿತೇ ನಾಲ್ಕು ಗ್ರ್ಯಾಂಡ್ ಸ್ಲಾಮ್ ಟೂರ್ನಿಗಳು 2018ರಿಂದ ಹೊಸ ನಿಯಮ ತಂದವು. ಗಾಯದ ಕಾರಣ ಮೊದಲ ಸುತ್ತಿಗೆ ಮುನ್ನ ಹಿಂದೆ ಸರಿದವರಿಗೂ ಆ ಸುತ್ತಿನ ಅರ್ಧ ಹಣ ಸಿಗುತ್ತದೆ. ಉಳಿದರ್ಧ ಬದಲಿಗೆ ಬಂದವರಿಗೆ. ಅಮೆರಿಕದ ಟ್ರೇಸಿ ಆಸ್ಟಿನ್ 1979ರಲ್ಲಿ ಹದಿನಾರನೆಯ ವಯಸ್ಸಿಗೇ ಯು.ಎಸ್. ಓಪನ್ ಗೆದ್ದವರು, ಇಪ್ಪತ್ತು ದಾಟುತ್ತಿದ್ದಂತೆ ಬೆನ್ನುನೋವು ಅವರ ಆಟವನ್ನು ಮೊಟಕುಗೊಳಿಸಿತು. ಆಂಡ್ರಿಯಾ ಜೇಗರ್ ಅವರ ಭುಜವೂ ಹಾಗೆಯೇ ಬೇಗ ಸೋತಿತು. ಎಳೆಯರು ವರ್ಷಕ್ಕೆ ಎಷ್ಟು ಟೂರ್ನಿ ಆಡಬಹುದೆಂಬುದಕ್ಕೆ 1990ರ ದಶಕದ ನಡುವಿನಲ್ಲಿ ವಯಸ್ಸಿನ ಮಿತಿ ಬಂತು. ಬರಿಯ ಬುದ್ಧಿವಾದದಿಂದ ಆಗದ್ದು ನಿಯಮದಿಂದ ಆಗುತ್ತದೆ.

ನಿಲ್ಲಿಸಿದರೆ ಎಲ್ಲ ಮುಗಿಯಿತೆಂಬ ಭಯ ನಮ್ಮ ಮಕ್ಕಳಿಗಿದೆ. ಅವರು ಹೈದರಾಬಾದಿನ ಸಾನಿಯಾ ಮಿರ್ಜಾ ಅವರನ್ನು ನೋಡಲಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮಣಿಕಟ್ಟಿನ ನೋವಿನಿಂದ ಅವರು ಮೊದಲ ಸುತ್ತಿನ ಪಂದ್ಯವನ್ನೇ ಬಿಟ್ಟುಕೊಟ್ಟರು. ಮುಂದೆ ದೇಹ ತಾಳದೆಂದು ಅರಿತು ಸಿಂಗಲ್ಸ್ ಆಟವನ್ನು ಬಿಟ್ಟು ಡಬಲ್ಸ್‌ನಲ್ಲೇ ನಿಂತರು. 2015ರಲ್ಲಿ ಡಬಲ್ಸ್‌ನ ವಿಶ್ವ ಅಗ್ರಸ್ಥಾನಕ್ಕೇರಿದರು. ಅದೇ ವರ್ಷ ಮಾರ್ಟಿನಾ ಹಿಂಗಿಸ್ ಜೊತೆ ವಿಂಬಲ್ಡನ್ ಗೆದ್ದರು. ಹಿಂದೆ ಸರಿಯುವುದೂ ಮುಂದೆ ಹೋಗುವ ದಾರಿಯಾಗಬಲ್ಲದು.

ಈಗ ನಮ್ಮ ಮೈದಾನಕ್ಕೆ ಬರೋಣ. ನಮ್ಮ ಮಕ್ಕಳಿಗೆ ಬಹುಮಾನದ ಹಣವಿಲ್ಲ. ಆದರೆ ಶಾಲೆಯ ಹೆಸರು, ಮನೆಯವರ ನಿರೀಕ್ಷೆ, ಗ್ರೇಸ್ ಮಾರ್ಕಿನ ಆಸೆ ಇವೆಯಲ್ಲ? ಕೆಲವು ವರ್ಷಗಳ ಹಿಂದೆ ಒಂದು ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎರಡನೆಯ ಸುತ್ತಿನಲ್ಲಿ ಕಾಲು ಹೊರಳಿ ಬಿದ್ದಳು. ಸುತ್ತಲಿಂದ “ಓಡು, ಓಡು” ಎಂಬ ಕೂಗು. ಅವಳು ಎದ್ದು, ಹಲ್ಲುಕಚ್ಚಿ, ಕುಂಟುತ್ತ ಗೆರೆ ದಾಟಿದಳು. ಎಲ್ಲರೂ ಶಹಬ್ಬಾಸ್ ಎಂದೆವು. ಆಮೇಲೆ ಬಹಳ ದಿನ ಅವಳು ಬಸ್ಸಿನ ಮೆಟ್ಟಿಲು ಹತ್ತಲು ಗೆಳತಿಯ ಹೆಗಲು ಹಿಡಿಯಬೇಕಾಯಿತು. ಮರುವರ್ಷ ಓಟಕ್ಕೆ ಹೆಸರು ಕೊಡಲಿಲ್ಲ. ಅಂದು ಕೂಗಿದವರಲ್ಲಿ ನಾನೂ ಒಬ್ಬ. ಆ ಕೂಗು ಇಂದಿಗೂ ನನ್ನ ಕಿವಿಯಲ್ಲಿದೆ.

ಆದ್ದರಿಂದ ವಿದ್ಯಾರ್ಥಿಗಳೇ, ಆಡಿ, ಗೆಲ್ಲಲು ಪೂರ್ತಿ ಹೋರಾಡಿ. ಬೆವರಿನ ಆಯಾಸಕ್ಕೆ ಹೆದರಬೇಡಿ. ಆದರೆ ಆಯಾಸ ಬೇರೆ, ಗಾಯ ಬೇರೆ. ಎಲುಬು, ಕೀಲು, ತಲೆಗೆ ಪೆಟ್ಟಾದಾಗ ಕೈಯೆತ್ತಿ ನಿಲ್ಲಿ, ಅಧ್ಯಾಪಕರಿಗೆ ಹೇಳಿ. ಹಾಗೆ ಕೈಯೆತ್ತಿದವರನ್ನು ಹೀಯಾಳಿಸದಿರುವುದು ಮೈದಾನದ ಹೊರಗಿರುವ ನಮ್ಮೆಲ್ಲರ ಪಾಲಿನ ಕೆಲಸ. ಈ ವರ್ಷದ ಕ್ರೀಡಾಕೂಟದಲ್ಲಿ ಯಾರಾದರೂ ಓಟವನ್ನು ಅರ್ಧಕ್ಕೇ ನಿಲ್ಲಿಸಿ ಹೊರಗೆ ಬಂದರೆ, ಗೆರೆ ದಾಟಿದವರಿಗೆ ತಟ್ಟಿದಷ್ಟೇ ಜೋರಾಗಿ ಅವರಿಗೂ ಚಪ್ಪಾಳೆ ತಟ್ಟೋಣ.