ವಿಶ್ವವಿದ್ಯಾಲಯದ ಗ್ರಂಥಾಲಯವು ಯಾರ ಸೊತ್ತು?

ವಿಶ್ವವಿದ್ಯಾಲಯದ ಗ್ರಂಥಾಲಯವೆಂದರೆ ನಮ್ಮ ಜನರ ಕಣ್ಣಿಗೆ ಏನು? ಊರ ಅಂಚಿನಲ್ಲಿ ನಿಂತಿರುವ ಒಂದು ಭವ್ಯವಾದ ಕಟ್ಟಡ. ಪರೀಕ್ಷೆಯ ಕಾಲಕ್ಕೆ ವಿದ್ಯಾರ್ಥಿಗಳು ಹೋಗಿ ಕುಳಿತು ಬರುವ ಸ್ಥಳ. ಗಣ್ಯರು ಬಂದರೆ ತೋರಿಸತಕ್ಕ ಒಂದು ಅಲಂಕಾರ. ಪೇಟೆಯ ವರ್ತಕನಾಗಲಿ, ಕನ್ನಡ ಶಾಲೆಯ ಮಾಸ್ತರನಾಗಲಿ ಅದನ್ನು ‘ನಮ್ಮದು’ ಎಂದು ಹೇಳುವುದು ಅಪರೂಪವು. ಅದರಲ್ಲಿ ಅವರಿಗೆ ಗೌರವವಿಲ್ಲವೆಂದಲ್ಲ. ಗೌರವವು ಬೇಕಾದಷ್ಟು ಇದೆ. ಆದರೆ ಅದು ಮುಚ್ಚಿದ ಗುಡಿಯ ಮುಂದೆ ನಿಂತು ಕೈಮುಗಿದು ಹೋಗುವವನ ಗೌರವವು. ಇಷ್ಟು ಸಾಲದೆಂಬುದೇ ನಮ್ಮ ಅಭಿಪ್ರಾಯವು.

ಇಂಥ ಗ್ರಂಥಾಲಯವು ಒಂದು ಜನಾಂಗಕ್ಕೆ ಏನಾಗಬಲ್ಲುದೆಂಬುದನ್ನು ತಿಳಿಯಬೇಕಾದವರು ಬೆಲ್ಜಿಯಂ ದೇಶದ ಲೂವೇನ್ ನಗರದ ಕಥೆಯನ್ನು ನೋಡಬೇಕು. ಅಲ್ಲಿಯ ವಿಶ್ವವಿದ್ಯಾಲಯವು 1425ರಲ್ಲಿ ಸ್ಥಾಪಿತವಾದದ್ದು. 1914ರ ಆಗಸ್ಟ್ 25ರ ರಾತ್ರಿ ಜರ್ಮನ್ ಸೈನಿಕರು ಆ ನಗರಕ್ಕೆ ಬೆಂಕಿಯಿಟ್ಟಾಗ ಗ್ರಂಥಾಲಯವು ಸುಟ್ಟು ಬೂದಿಯಾಯಿತು. ಎರಡು ಲಕ್ಷಕ್ಕೂ ಮಿಕ್ಕಿದ ಗ್ರಂಥಗಳು, ಅವುಗಳೊಡನೆ ಶತಮಾನಗಳಿಂದ ಕಾಯ್ದಿಟ್ಟ ಹಸ್ತಪ್ರತಿಗಳು ನಾಶವಾದವು. ಅದೇ ದಿನಗಳಲ್ಲಿ ಅಲ್ಲಿಯ 200ಕ್ಕೂ ಹೆಚ್ಚು ನಾಗರಿಕರು ಪ್ರಾಣ ಕಳೆದುಕೊಂಡರು. ಮನೆಗಳು ಸಾವಿರದ ಮೇಲೆ ಉರಿದವು. ಆದರೂ ಜಗತ್ತಿನ ನೆನಪಿನಲ್ಲಿ ಎಲ್ಲಕ್ಕಿಂತ ಆಳವಾಗಿ ನಾಟಿದ್ದು ಗ್ರಂಥಾಲಯದ ಬೆಂಕಿಯೇ. ಮನುಷ್ಯನ ಪ್ರಾಣಕ್ಕಿಂತ ಪುಸ್ತಕವು ಹೆಚ್ಚಿನದೆಂದು ಇದರ ಅರ್ಥವಲ್ಲ. ಮನೆಯು ಸುಟ್ಟರೆ ಒಂದು ಕುಟುಂಬದ ನಷ್ಟವು. ಗ್ರಂಥಾಲಯವು ಸುಟ್ಟರೆ ಹಿಂದಿನವರ ನೆನಪೂ ಮುಂದಿನವರ ಪಾಲೂ ಒಟ್ಟಿಗೆ ಸುಟ್ಟಂತೆ ಎಂದು ಜನರು ಭಾವಿಸಿದರು.

1919ರ ವರ್ಸೇಲ್ಸ್ ಒಪ್ಪಂದದ 247ನೆಯ ಕಲಮಿನಲ್ಲಿ ಈ ಗ್ರಂಥಾಲಯದ ವಿಷಯವೂ ಬರೆಯಲ್ಪಟ್ಟಿತು. ನಾಶವಾದವುಗಳಿಗೆ ಸಂಖ್ಯೆಯಲ್ಲಿಯೂ ಬೆಲೆಯಲ್ಲಿಯೂ ಸಮನಾದ ಗ್ರಂಥಗಳನ್ನೂ ಹಸ್ತಪ್ರತಿಗಳನ್ನೂ ಜರ್ಮನಿಯು ಒದಗಿಸತಕ್ಕದ್ದೆಂದು ಅದರಲ್ಲಿ ವಿಧಿಸಲಾಯಿತು. ಕಾಯಿದೆಯು ಸಂಖ್ಯೆ–ಬೆಲೆಗಳಿಂದಲೇ ಅಳೆಯಬೇಕು. ಅದಕ್ಕೆ ಬೇರೆ ಅಳತೆಗೋಲಿಲ್ಲ. ಜನರಾದರೋ ಬೇರೆ ರೀತಿಯಿಂದ ಅಳೆದರು. ಇಂಗ್ಲಂಡದ ಮ್ಯಾಂಚೆಸ್ಟರಿನ ಜಾನ್ ರೈಲಂಡ್ಸ್ ಗ್ರಂಥಾಲಯವು ಮುಂದಾಗಿ 50 ಸಾವಿರಕ್ಕೂ ಹೆಚ್ಚು ಗ್ರಂಥಗಳನ್ನು ಕೂಡಿಸಿ ಕಳಿಸಿತು. ಅಮೇರಿಕದ ಶಾಲೆ ಕಾಲೇಜುಗಳು ಹಣ ಕೂಡಿಸಿದವು. 1928ರ ಜುಲೈ 4ರಂದು ಹೊಸ ಕಟ್ಟಡವು ತೆರೆಯಲ್ಪಟ್ಟಿತು. ಅದರ ಗೋಡೆಯ ಕಲ್ಲುಗಳಲ್ಲಿ ಆ ಶಾಲೆಗಳ ಹೆಸರುಗಳನ್ನು ಇಂದಿಗೂ ಓದಬಹುದು. ದೂರದೇಶದ ಮಕ್ಕಳ ಕಾಸಿನಿಂದ ಎದ್ದ ಗೋಡೆಯದು.

ಆ ಕಟ್ಟಡದ ಮೇಲೆ ಒಂದು ಲ್ಯಾಟಿನ್ ಶಾಸನವನ್ನು ಕೆತ್ತಬೇಕೆಂದು ಶಿಲ್ಪಿಯು ಹಟ ಹಿಡಿದನು. ಜರ್ಮನರ ರೋಷದಿಂದ ಹಾಳಾದದ್ದು ಅಮೇರಿಕದ ದಾನದಿಂದ ಎದ್ದಿತೆಂಬುದು ಅದರ ತಾತ್ಪರ್ಯವು. ವಿಶ್ವವಿದ್ಯಾಲಯದ ಅಧಿಪತಿಗಳು ಒಪ್ಪಲಿಲ್ಲ. ವ್ಯಾಜ್ಯವು ನ್ಯಾಯಾಲಯದವರೆಗೆ ಹೋಯಿತು. ಕೊನೆಗೂ ಆ ಶಾಸನವು ಅಲ್ಲಿ ಏರಲಿಲ್ಲ. ವಿದ್ಯೆಯ ಮನೆಯ ನೆತ್ತಿಯ ಮೇಲೆ ದ್ವೇಷದ ಲೇಖವು ಸಲ್ಲದೆಂದು ನಿಂತ ಆ ಅಧಿಪತಿಗಳ ವಿವೇಕವು ಸ್ತುತ್ಯರ್ಹವಾದುದು. ದುರ್ದೈವದಿಂದ 1940ರ ಮೇ ತಿಂಗಳಲ್ಲಿ, ಎರಡನೆಯ ಮಹಾಯುದ್ಧದಲ್ಲಿ, ಅದು ಮತ್ತೊಮ್ಮೆ ಉರಿಯಿತು. ಸುಮಾರು 9 ಲಕ್ಷ ಗ್ರಂಥಗಳು ಹೋದವು. ಜನರು ಮತ್ತೊಮ್ಮೆ ಕಟ್ಟಿದರು.

ಇಷ್ಟರವರೆಗೆ ಕಥೆಯು ಪರರ ಪೆಟ್ಟಿನದು. ಮುಂದಿನದು ಮನೆಯವರದೇ. ಆ ವಿಶ್ವವಿದ್ಯಾಲಯದಲ್ಲಿ ಡಚ್ ಭಾಷೆಯವರಿಗೂ ಫ್ರೆಂಚ್ ಭಾಷೆಯವರಿಗೂ ಕಲಹವು ಬೆಳೆದು, 1968ರಲ್ಲಿ ದೇಶದ ಸರಕಾರವೇ ಅದರಿಂದ ಉರುಳಿತು. ವಿಶ್ವವಿದ್ಯಾಲಯವು ಎರಡಾಯಿತು, ಫ್ರೆಂಚ್ ಭಾಗವು ಹೊಸದೊಂದು ಊರನ್ನು ಕಟ್ಟಿಕೊಂಡು ಹೋಯಿತು. ತನ್ನ ನೆಲದಲ್ಲಿ ತನ್ನ ಭಾಷೆಯಿಂದಲೇ ವಿದ್ಯೆ ನಡೆಯಬೇಕೆಂಬ ಹಕ್ಕನ್ನು ಕನ್ನಡಿಗರಾದ ನಾವು ಅಲ್ಲಗಳೆಯುವವರಲ್ಲ. ಆದರೆ ಗ್ರಂಥಗಳ ಪಾಲು ಹೇಗಾಯಿತು? ಕಪಾಟಿನ ಕ್ರಮಾಂಕದಲ್ಲಿ ಬೆಸ ಬಂದದ್ದು ಒಬ್ಬರಿಗೆ, ಸಮ ಬಂದದ್ದು ಇನ್ನೊಬ್ಬರಿಗೆ! ಒಂದೇ ವಿಷಯದ ಪುಸ್ತಕಗಳಿಗಾಗಿ ಓದುಗನು ಎರಡು ಊರು ತಿರುಗಬೇಕಾಯಿತು. ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಹಂಡೆ ಕೊಪ್ಪರಿಗೆಗಳನ್ನು ಎಣಿಸಿ ಹಂಚಿದಂತೆ ಹಂಚಿದರು. ಈ ಹಂಚಿಕೆಯಲ್ಲಿ ಓದುಗನೆಂಬ ಮೂರನೆಯ ಹಕ್ಕುದಾರನೊಬ್ಬನಿರುವನೆಂಬುದು ಯಾರಿಗೂ ನೆನಪಾಗಲಿಲ್ಲ.

ಆ ಹಕ್ಕುದಾರನನ್ನು ಮರೆಯುವುದರಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ. ಹಕ್ಕು ಬೇರೆ, ಕಬಜೆ ಬೇರೆಯೆಂದು ವಕೀಲರಿಗೆ ಗೊತ್ತು. ಉತಾರದಲ್ಲಿ ಹೆಸರಿದ್ದೂ ಹೊಲದಲ್ಲಿ ಕಾಲಿಡಲಾರದವನ ಒಡೆತನಕ್ಕೆ ಎಷ್ಟು ಬೆಲೆಯಿರುವುದೋ, ವಿಶ್ವವಿದ್ಯಾಲಯದ ಗ್ರಂಥಾಲಯದ ಮೇಲೆ ಸಾರ್ವಜನಿಕರ ಒಡೆತನಕ್ಕೂ ಅಷ್ಟೇ ಬೆಲೆಯು. ತೆರಿಗೆ ಕೊಡುವವನು ಜನಸಾಮಾನ್ಯನು. ಬಾಗಿಲಲ್ಲಿ ಗುರುತಿನ ಚೀಟಿಯಿಲ್ಲವೆಂದು ಹಿಂದಿರುಗಬೇಕಾದವನೂ ಎಷ್ಟೋ ಕಡೆಗೆ ಅವನೇ.

ಗ್ರಂಥಕ್ಕೆ ಜೀವವು ಓದುಗನಿಂದ ಬರುವುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಶ್ರೇಷ್ಠವಾದ ನಿದರ್ಶನವಿದೆ. ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾಗಿ ಮುಂದೆ ಅಲ್ಲಿಯ ವಿಶ್ವವಿದ್ಯಾಲಯದ ಅಂಗವಾದ ಓರಿಯಂಟಲ್ ಲೈಬ್ರರಿಗೆ, ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ತಾಳೆಗರಿಯ ಕಟ್ಟನ್ನು ತಂದುಕೊಟ್ಟರು. ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದರು. ಕೌಟಿಲ್ಯನ ಅರ್ಥಶಾಸ್ತ್ರವು 1909ರಲ್ಲಿ ಅಚ್ಚಾಗಿ ಹೊರಬಂದಿತು. ಭಾರತೀಯರಿಗೆ ರಾಜ್ಯಶಾಸ್ತ್ರವೇ ಇರಲಿಲ್ಲವೆಂದು ಹೇಳುವವರ ಬಾಯಿ ಕಟ್ಟಿತು. ಅವರು ಬಿಚ್ಚಿ ಓದದೆ ಹೋಗಿದ್ದರೆ ಅದು ಧೂಳು ಹಿಡಿದ ಗರಿಗಳ ಕಂತೆಯಾಗಿಯೇ ಉಳಿಯುತ್ತಿತ್ತು.

ಎಸ್. ಆರ್. ರಂಗನಾಥನ್ ಅವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ, 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕವಿರುವುದು ಉಪಯೋಗಕ್ಕೆಂಬುದು ಮೊದಲನೆಯ ಸೂತ್ರವು. ಆ ಮಹನೀಯರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು 1972ರಲ್ಲಿ ದಿವಂಗತರಾದರು. ಅವರಿದ್ದ ನಾಡಿನಲ್ಲಿ ಅವರ ಮೊದಲನೆಯ ಸೂತ್ರವು ಬಾಗಿಲ ಹೊರಗೆ ನಿಂತಿರಬಾರದು.

ಹೊರಗಿನವರು ಬಂದರೆ ಪುಸ್ತಕಗಳು ಕಳೆದಾವು, ಹರಿದಾವು, ವಿದ್ವಾಂಸರ ಏಕಾಂತಕ್ಕೆ ಭಂಗ ಬಂದೀತು ಎಂದು ಕೆಲವರು ಆಕ್ಷೇಪಿಸುವರು. ಅಪರೂಪದ ಗ್ರಂಥಗಳಿಗೂ ಹಸ್ತಪ್ರತಿಗಳಿಗೂ ಬಂದೋಬಸ್ತು ಬೇಕೆಂಬುದನ್ನು ನಾವು ಒಪ್ಪುವೆವು. ಆದರೆ ಅದಕ್ಕಾಗಿ ಇಡೀ ಮನೆಗೆ ಬೀಗ ಹಾಕುವುದು ನ್ಯಾಯವಲ್ಲ. ಪ್ರತಿಯೊಂದು ವಿಶ್ವವಿದ್ಯಾಲಯವೂ ತನ್ನ ಸೀಮೆಯ ಶಾಲಾ ಶಿಕ್ಷಕರಿಗೆ ಸದಸ್ಯತ್ವವನ್ನು ಕೊಡಲಿ. ಊರಿನ ಯಾವ ಓದುಗನಾದರೂ ಅಲ್ಲಿಯೇ ಕುಳಿತು ಓದಲು ಅನುಮತಿ ಇರಲಿ. ಉದ್ಯೋಗಸ್ಥರಿಗೆ ಬಿಡುವಿರುವ ಸಾಯಂಕಾಲವೂ ರವಿವಾರವೂ ಬಾಗಿಲು ತೆರೆದಿರಲಿ.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿಯು. ನಿಮ್ಮ ಹತ್ತಿರದ ವಿಶ್ವವಿದ್ಯಾಲಯಕ್ಕೆ ಈ ಬೇಡಿಕೆಯನ್ನು ಬರವಣಿಗೆಯಲ್ಲಿ ಕಳಿಸಿರಿ. ಉತ್ತರವು ಬಾರದಿದ್ದರೆ ಮತ್ತೊಮ್ಮೆ ಕಳಿಸಿರಿ. ಲೂವೇನಿನ ಜನರು ತಮ್ಮ ಗ್ರಂಥಾಲಯದ ಬೆಲೆಯನ್ನು ಬೂದಿಯ ಮುಂದೆ ನಿಂತು ತಿಳಿಯಬೇಕಾಯಿತು. ನಮ್ಮವು ಇನ್ನೂ ನಿಂತಿರುವವು.