ಓಡುವ ಕಾರಿಗೆ ಸುಂಕ, ನಿಂತ ಕಾರಿಗೆ ಪುಕ್ಕಟೆ ನೆಲ

ಸಾಸ್ತಾನ: ಉಡುಪಿಯಿಂದ ಕುಂದಾಪುರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಗುವ ಕಾರು ಸಾಸ್ತಾನದ ಬಳಿಯ ಗುಂಡ್ಮಿಯಲ್ಲಿ ಸುಂಕ ಕಟ್ಟಿಯೇ ಮುಂದೆ ಹೋಗಬೇಕು. ಇಲ್ಲಿ ಸುಂಕ ವಸೂಲಿ ಆರಂಭವಾದದ್ದು 2017ರಲ್ಲಿ. ಅಂದಿನಿಂದ ಸ್ಥಳೀಯ ವಾಹನಗಳಿಗೆ ವಿನಾಯಿತಿ ಬೇಕೆಂದು ಈ ಭಾಗದ ಜನ ಮತ್ತೆ ಮತ್ತೆ ಪ್ರತಿಭಟನೆಗೆ ಇಳಿದಿದ್ದಾರೆ. ಇದೇ ಹೆದ್ದಾರಿಯ ಸುರತ್ಕಲ್ ಟೋಲ್ ಘಟಕವಂತೂ ದೀರ್ಘ ಹೋರಾಟದ ಬಳಿಕ 2022ರ ಡಿಸೆಂಬರ್‌ನಲ್ಲಿ ಮುಚ್ಚಿತು. ಕರಾವಳಿಯ ರಾಜಕಾರಣದಲ್ಲಿ ಟೋಲ್‌ನಷ್ಟು ಬಿಸಿಯಾದ ವಿಷಯಗಳು ಹೆಚ್ಚಿಲ್ಲ.

ಆದರೆ ಸಾಸ್ತಾನದಲ್ಲಿ ಸುಂಕ ಕೊಟ್ಟ ಅದೇ ಕಾರು ಘಟ್ಟ ಹತ್ತಿ ಬೆಂಗಳೂರು ಸೇರಿ, ಯಾವುದೋ ಬಡಾವಣೆಯ ರಸ್ತೆ ಬದಿಯಲ್ಲಿ ಒಂದು ವಾರ ನಿಂತರೂ ಅದರ ಮಾಲೀಕರನ್ನು ಯಾರೂ ಒಂದು ರೂಪಾಯಿ ಕೇಳುವುದಿಲ್ಲ. ಕೆಲವು ನಿಮಿಷ ಬಳಸಿದ ಹೆದ್ದಾರಿಗೆ ಬೆಲೆಯಿದೆ. ಹಗಲು ರಾತ್ರಿ ಆಕ್ರಮಿಸಿಕೊಂಡ ನಗರದ ನೆಲಕ್ಕೆ ಬೆಲೆಯಿಲ್ಲ. ನಗರಗಳ ವಾಹನ ನಿಲುಗಡೆ ಸಮಸ್ಯೆಯನ್ನು ಜಾಗದ ಕೊರತೆ ಎಂದು ಕರೆಯುವುದು ರೂಢಿ. ಜಾಗ ಕಡಿಮೆಯಿದೆ ಎಂಬುದು ನಿಜವೇ. ಆದರೆ ಅತ್ಯಂತ ದುಬಾರಿಯಾದ ವಸ್ತುವನ್ನು ಬಿಟ್ಟಿಯಾಗಿ ಹಂಚಿದರೆ ಅದು ಎಷ್ಟಿದ್ದರೂ ಸಾಲದಾಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ನಿಜ.

ಒಂದು ಕಾರು ನಿಲ್ಲಲು ಸುಮಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು. ಒಳಬರುವ, ಹೊರಹೋಗುವ ದಾರಿಯನ್ನೂ ಸೇರಿಸಿದರೆ ತೆರೆದ ನಿಲ್ದಾಣದಲ್ಲಿ ಒಂದು ಕಾರಿಗೆ 23 ಚದರ ಮೀಟರ್, ನೆಲಮಾಳಿಗೆಯಲ್ಲಾದರೆ 32 ಚದರ ಮೀಟರ್ ಎಂಬುದು ನಗರ ಯೋಜಕರು ಬಳಸುವ ಲೆಕ್ಕ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಡಿ ಒಂದು ಕುಟುಂಬದ ಮನೆಗೆ ನಿಗದಿಯಾದ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್! ಇನ್ನು ಕಾರು ಮನೆಯ ಬಳಿ ಒಂದು ಜಾಗ ಹಿಡಿದರೆ ಕಚೇರಿಯ ಬಳಿ ಇನ್ನೊಂದು, ಪೇಟೆಯಲ್ಲಿ ಮತ್ತೊಂದು ಜಾಗ ಬೇಡುತ್ತದೆ. ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ 2005ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥದಲ್ಲಿ ಇದನ್ನೇ ವಿಸ್ತಾರವಾಗಿ ತೋರಿಸಿದರು: ಕಾರು ತನ್ನ ಆಯುಷ್ಯದ ಶೇ. 95ರಷ್ಟು ಕಾಲ ನಿಂತೇ ಇರುತ್ತದೆ, ಮತ್ತು ಪುಕ್ಕಟೆ ನಿಲುಗಡೆಯ ವೆಚ್ಚವನ್ನು ಕಾರಿಲ್ಲದವರೂ ಸೇರಿ ಎಲ್ಲರೂ ತೆರುತ್ತಾರೆ. ಶೂಪ್ 2025ರಲ್ಲಿ ನಿಧನರಾದರು. ಅವರ ಮಾತು ಕರ್ನಾಟಕದ ನಗರಗಳನ್ನು ಇನ್ನೂ ಸರಿಯಾಗಿ ತಲುಪಿಲ್ಲ.

ನಮ್ಮ ಸರ್ಕಾರಗಳಿಗೆ ಇದು ತಿಳಿಯದ ವಿಷಯವೇನಲ್ಲ. ನಿಲುಗಡೆ ಶುಲ್ಕವು ವಾಹನ ಆಕ್ರಮಿಸಿದ ನೆಲದ ಬೆಲೆಯನ್ನು ಪ್ರತಿಬಿಂಬಿಸಬೇಕು ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ. ಬೆಂಗಳೂರಿಗಾಗಿ ರೂಪಿಸಿದ ‘ಪಾರ್ಕಿಂಗ್ ನೀತಿ 2.0’ಕ್ಕೆ ರಾಜ್ಯ ಸರ್ಕಾರ 2021ರಲ್ಲಿ ಒಪ್ಪಿಗೆ ನೀಡಿತು. ಮನೆಯಲ್ಲಿ ಜಾಗವಿಲ್ಲದೆ ರಸ್ತೆಯಲ್ಲಿ ಕಾರು ನಿಲ್ಲಿಸುವವರು ವಾರ್ಷಿಕ ಪರವಾನಗಿ ಪಡೆಯಬೇಕು ಎಂಬುದು ಅದರ ಮುಖ್ಯ ಅಂಶಗಳಲ್ಲೊಂದು. ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡ ಕಾರಿಗೆ 5,000 ರೂಪಾಯಿ. ಐದು ಸಾವಿರವೆಂದರೆ ದಿನಕ್ಕೆ 14 ರೂಪಾಯಿಯೂ ಆಗದು. ಬೆಂಗಳೂರಿನಲ್ಲಿ ಅಷ್ಟಕ್ಕೆ ಒಂದು ಲೋಟ ಕಾಫಿ ಸಿಗುವುದೂ ಕಷ್ಟ. ಆದರೂ ಪ್ರಸ್ತಾವ ಹೊರಬಿದ್ದ ಕೂಡಲೇ ಅಸಮಾಧಾನ ಎದ್ದಿತು. ಪರವಾನಗಿ ಪದ್ಧತಿ ಕಾಗದದಲ್ಲಿಯೇ ಉಳಿಯಿತು.

ನೀತಿ ಕಾಗದದಲ್ಲಿ ಉಳಿದರೂ ಕಟ್ಟಡಗಳು ಮಾತ್ರ ಏಳುತ್ತವೆ. ಬಹುಮಹಡಿ ನಿಲುಗಡೆ ಕಟ್ಟಡವೆಂದರೆ ಜನಪ್ರತಿನಿಧಿಗಳಿಗೂ ಅಧಿಕಾರಿಗಳಿಗೂ ಅಚ್ಚುಮೆಚ್ಚು. ಶಂಕುಸ್ಥಾಪನೆ ಇದೆ, ಗುತ್ತಿಗೆ ಇದೆ, ಉದ್ಘಾಟನೆ ಇದೆ, ಯಾರ ಮುನಿಸೂ ಇಲ್ಲ. ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿ ಸುಮಾರು 550 ಕಾರು ಹಾಗೂ 450 ದ್ವಿಚಕ್ರ ವಾಹನಗಳಿಗೆಂದು ಕಟ್ಟಿದ ನಿಲ್ದಾಣ, ನಿರ್ವಹಣೆಗೆ ಗುತ್ತಿಗೆದಾರರು ಸಿಗದೆ ಬಹುಕಾಲ ಖಾಲಿ ನಿಂತು 2024ರಲ್ಲಿ ಬಾಗಿಲು ತೆರೆಯಿತು. ಆರಂಭದಲ್ಲಿ ನಿರೀಕ್ಷಿಸಿದಷ್ಟು ವಾಹನಗಳು ಬರಲಿಲ್ಲ. ಬರುವುದಾದರೂ ಏಕೆ? ಸುತ್ತಲಿನ ಬೀದಿಯಲ್ಲಿ ಬಿಟ್ಟಿ ಜಾಗ ಸಿಗುವಾಗ ಹಣ ಕೊಟ್ಟು ಮಹಡಿ ಹತ್ತುವವರು ಯಾರು? ಮಂಗಳೂರಿನ ಹಂಪನಕಟ್ಟೆಯ ಹಳೆಯ ಬಸ್ ನಿಲ್ದಾಣದ ಜಾಗದಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ ಕೈಗೆತ್ತಿಕೊಂಡ ಬಹುಮಹಡಿ ನಿಲುಗಡೆ ಕಾಮಗಾರಿಯೂ ವರ್ಷಗಟ್ಟಲೆ ಕುಂಟಿತು. ಇನ್ನು ಖಾಸಗಿ ವಾಣಿಜ್ಯ ಸಂಕೀರ್ಣಗಳ ಮಾತು ಎಲ್ಲರಿಗೂ ಗೊತ್ತಿರುವುದೇ. ನಕ್ಷೆಯಲ್ಲಿ ನೆಲಮಾಳಿಗೆ ಪಾರ್ಕಿಂಗ್, ಪರವಾನಗಿ ಸಿಕ್ಕ ಮೇಲೆ ಅಲ್ಲಿ ಗೋದಾಮು ಅಥವಾ ಅಂಗಡಿ, ಕಾರು ರಸ್ತೆಗೆ.

ಬೆಲೆ ನಿಗದಿಗೆ ದೊಡ್ಡ ಅಡ್ಡಿ ವ್ಯಾಪಾರಸ್ಥರ ಭಯ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಸಾಸ್ತಾನ, ಕೋಟ, ಸಾಲಿಗ್ರಾಮದ ಆಸುಪಾಸಿನಿಂದ ಹೋಗಿ ಬೆಂಗಳೂರಿನಲ್ಲಿ ಹೋಟೆಲ್ ನಡೆಸುವವರ ದೊಡ್ಡ ಪರಂಪರೆಯೇ ಇದೆ. ಸಾಲಿಗ್ರಾಮ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು ಎಂ.ಟಿ.ಆರ್. ಆರಂಭಿಸಿದ 1924ರಲ್ಲಿ ಗಿರಾಕಿಯ ಕಾರು ಎಲ್ಲಿ ನಿಲ್ಲಬೇಕೆಂಬ ಚಿಂತೆ ಹೋಟೆಲಿನವರಿಗೆ ಇರಲಾರದು. ಇಂದು ನಿಂತು ತಿನ್ನುವ ದರ್ಶಿನಿಗೂ ಆ ಚಿಂತೆ ತಪ್ಪಿದ್ದಲ್ಲ. ಬಾಗಿಲೆದುರು ಶುಲ್ಕ ಹಾಕಿದರೆ ಗಿರಾಕಿ ಮುಂದಿನ ಬೀದಿಗೆ ಹೋದಾನು ಎಂಬುದು ಅವರ ಅಳಲು. ಆದರೆ ಅಂಗಡಿಯ ಎದುರು ಬೆಳಿಗ್ಗೆ ಒಂಬತ್ತಕ್ಕೆ ನಿಂತು ಸಂಜೆ ಆರಕ್ಕೆ ಹೊರಡುವ ಕಾರು ಗಿರಾಕಿಯದಲ್ಲ. ಬಹುಮಟ್ಟಿಗೆ ಪಕ್ಕದ ಕಚೇರಿಯ ನೌಕರನದು, ಕೆಲವೊಮ್ಮೆ ಅಂಗಡಿಯವನದೇ. ಅರ್ಧ ಗಂಟೆಯ ಗಿರಾಕಿಗೆ ಜಾಗ ತೆರವಾಗಬೇಕಾದರೆ ಒಂಬತ್ತು ಗಂಟೆ ನಿಲ್ಲುವವನಿಗೆ ಅದು ದುಬಾರಿಯಾಗಬೇಕು. ಕ್ಯಾಲಿಫೋರ್ನಿಯಾದ ಪಾಸಡೀನಾ ನಗರದ ಹಳೆಯ ಪೇಟೆಯಲ್ಲಿ 1993ರಲ್ಲಿ ಮೀಟರ್ ಅಳವಡಿಸುವಾಗ ಮೊದಲಿಗೆ ಇಂಥದೇ ವಿರೋಧವಿತ್ತು. ಸಂಗ್ರಹವಾದ ಹಣ ಅದೇ ಬೀದಿಯ ಕಾಲುದಾರಿ, ದೀಪ, ಸ್ವಚ್ಛತೆಗೇ ವಿನಿಯೋಗವಾಗುತ್ತದೆ ಎಂಬ ಒಪ್ಪಂದವಾದ ಮೇಲೆ ವ್ಯಾಪಾರಿಗಳು ಒಪ್ಪಿದರು. ನಮ್ಮಲ್ಲಿ ಹಣ ಎಲ್ಲಿಗೆ ಹೋಗುತ್ತದೆ ಎಂಬ ಸಂಶಯವೇ ಅರ್ಧ ವಿರೋಧಕ್ಕೆ ಕಾರಣ. ಆ ಸಂಶಯ ಆಧಾರರಹಿತ ಎನ್ನಲು ಯಾವ ಪಾಲಿಕೆಗೂ ಬಾಯಿಲ್ಲ.

ಬಸ್ಸು ಸರಿಯಿಲ್ಲದ ಊರಿನಲ್ಲಿ ನಿಲುಗಡೆ ಶುಲ್ಕ ಅನ್ಯಾಯ ಎಂಬ ವಾದವೂ ಇದೆ. ಅದರಲ್ಲಿ ಹುರುಳಿದೆ. ಆದರೆ ಬಸ್ಸು ಸರಿಯಾಗದಿರುವುದಕ್ಕೆ ಒಂದು ಕಾರಣ ಅದರ ದಾರಿಯಲ್ಲಿ ನಿಂತ ಕಾರುಗಳೇ. ರಸ್ತೆಯ ಎರಡೂ ಅಂಚು ಕಾರಿನ ಪಾಲಾದರೆ ಬಸ್ಸು ನಡುರಸ್ತೆಯಲ್ಲೇ ನಿಲ್ಲುತ್ತದೆ, ಕಾಲುದಾರಿ ಏರಿದ ಬೈಕುಗಳಿಂದಾಗಿ ಪಾದಚಾರಿ ಡಾಂಬರಿಗಿಳಿಯುತ್ತಾನೆ. ಕೈಗಾಡಿಯಲ್ಲಿ ಸೊಪ್ಪು ಮಾರುವವಳನ್ನು ಎಬ್ಬಿಸುವ ಪಾಲಿಕೆಯ ಸಿಬ್ಬಂದಿ, ಆಕೆಗಿಂತ ಹಲವು ಪಟ್ಟು ಜಾಗ ಹಿಡಿದ ಕಾರಿನ ಬಳಿ ಸುಳಿಯುವುದಿಲ್ಲ.

ಜಪಾನ್ 1962ರಷ್ಟು ಹಿಂದೆಯೇ ಕಾನೂನು ಮಾಡಿ, ಕಾರು ಇಡಲು ರಸ್ತೆಯ ಹೊರಗೆ ಜಾಗವಿದೆ ಎಂದು ರುಜುವಾತುಪಡಿಸಿದವರಿಗಷ್ಟೇ ಅದನ್ನು ಹೊಂದಲು ಬಿಟ್ಟಿತು. ಅಂದು ಆ ದೇಶದಲ್ಲಿ ಕಾರುಗಳು ಇನ್ನೂ ವಿರಳವಾಗಿದ್ದವು ಎಂಬುದನ್ನು ಗಮನಿಸಬೇಕು. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿಯಾಗಿದೆ. ಅಲ್ಲಿ ಆ ಸಮಯ ಕಳೆದುಹೋಯಿತು. ಕರಾವಳಿಯ ಪೇಟೆಗಳಲ್ಲಿ ಇನ್ನೂ ಕಳೆದಿಲ್ಲ.

ಸಾಸ್ತಾನದಂತಹ ಊರಿನ ಪ್ರಶ್ನೆ ಇರುವುದು ಇಲ್ಲಿಯೇ. ಹೆದ್ದಾರಿಯ ಅಂಚಿನಲ್ಲೇ ಬೆಳೆದ ಪೇಟೆಗಳಿವು. ಹೆದ್ದಾರಿ ಚತುಷ್ಪಥವಾದಾಗ ಅಂಗಡಿ ಮುಂಗಟ್ಟುಗಳ ಎದುರಿನ ಜಾಗ ಕರಗಿತು, ವಾಹನಗಳ ವೇಗ ಹೆಚ್ಚಿತು. ಬೆಂಗಳೂರಿನಲ್ಲಿ ಅಡ್ಡಾದಿಡ್ಡಿ ನಿಂತ ಕಾರು ಸಂಚಾರ ದಟ್ಟಣೆಗೆ ಕಾರಣ. ಹೆದ್ದಾರಿಯಂಚಿನಲ್ಲಿ ಕತ್ತಲೆಯಲ್ಲಿ ನಿಂತ ಲಾರಿ ಸಾವಿಗೆ ಕಾರಣ. ಅಪಾಯಕಾರಿಯಾಗಿ ವಾಹನ ನಿಲ್ಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ನಿಷೇಧಿಸುತ್ತದೆ. ಆದರೆ ಮುಹೂರ್ತದ ದಿನ ಸಭಾಭವನದ ಎದುರು ಸಾಲುಗಟ್ಟುವ ಕಾರುಗಳಿಗೆ ಬೇರೆ ಜಾಗ ತೋರಿಸದೆ ಆ ಕಲಂ ಓದಿ ಹೇಳಿದರೆ ಯಾರು ಕೇಳುತ್ತಾರೆ?

ಹಾಗೆಂದು ಇಲ್ಲಿನ ಜನಕ್ಕೆ ನಿಲುಗಡೆಯ ಶಿಸ್ತು ಅಪರಿಚಿತವಲ್ಲ. ಕೊಯ್ಲಾದ ಗದ್ದೆ ಬಯಲಾಟದ ರಾತ್ರಿ, ಕಂಬಳದ ದಿನ ವಾಹನ ನಿಲ್ದಾಣವಾಗುವುದು ಕರಾವಳಿಯ ವಾಡಿಕೆ. ಜಾತ್ರೆಗೆ ಹೋದವರು ಗದ್ದೆಯಲ್ಲಿ ಕಾರು ನಿಲ್ಲಿಸಿ, ಕೇಳಿದ ಶುಲ್ಕ ಕೊಟ್ಟು, ಅರ್ಧ ಮೈಲಿ ನಡೆದು ದೇವಸ್ಥಾನ ಸೇರುತ್ತಾರೆ. ಕಟ್ಟಡ ಪರವಾನಗಿ ಕೊಡುವಾಗ ಪಂಚಾಯತಿ ಮತ್ತು ಯೋಜನಾ ಪ್ರಾಧಿಕಾರಗಳು ಇಂಥ ಹಿತ್ತಿಲ ಜಾಗಗಳನ್ನು ಈಗಲೇ ಗುರುತಿಸಿ ಕಾದಿರಿಸಿದರೆ ಖರ್ಚು ಅತ್ಯಲ್ಪ. ಹತ್ತು ವರ್ಷ ಕಳೆದರೆ ಅದೇ ಜಾಗಕ್ಕೆ ಭೂಸ್ವಾಧೀನ ಪರಿಹಾರ ಕೊಡಬೇಕಾಗುತ್ತದೆ.

ವಸೂಲಿಯ ತಂತ್ರವೂ ಈಗ ಹೊಸದಲ್ಲ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿದ್ದು, ವಾಹನ ಟೋಲ್ ದಾಟುವಷ್ಟರಲ್ಲಿ ಹಣ ಕಡಿತವಾಗುತ್ತದೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಾರುಗಳಿಗೆ 3,000 ರೂಪಾಯಿಗೆ 200 ಸಂಚಾರಗಳ ವಾರ್ಷಿಕ ಪಾಸ್ ತಂದಾಗ ಜನ ಮುಗಿಬಿದ್ದು ಕೊಂಡರು. ಸಾಸ್ತಾನ ದಾಟಲು ಅಷ್ಟು ತೆರುವ ಮಧ್ಯಮ ವರ್ಗ, ಬೆಂಗಳೂರಿನ ರಸ್ತೆಯಲ್ಲಿ 365 ರಾತ್ರಿ ಕಾರು ನಿಲ್ಲಿಸಲು 1,000 ರೂಪಾಯಿ ಹೆಚ್ಚು ಎನ್ನುತ್ತದೆಯೇ ಎಂಬುದನ್ನು ಯಾವ ಸರ್ಕಾರವೂ ಇನ್ನೂ ಪರೀಕ್ಷಿಸಿ ನೋಡಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರನ್ನು ಐದು ಪಾಲಿಕೆಗಳಾಗಿ ವಿಂಗಡಿಸಲಾಗಿದೆ. 2021ರ ನೀತಿಯನ್ನು ಕಡತದಿಂದ ಹೊರತೆಗೆಯುವ ಹೊಣೆ ಈಗ ಆ ಐದು ಪಾಲಿಕೆಗಳ ಮತ್ತು ಅವುಗಳ ಮೇಲಿನ ಪ್ರಾಧಿಕಾರದ ಮೇಲಿದೆ.